ಕಾಣದ ಹಬೆಯ ಚರಿತ್ರೆ

ಖಾನಾಪುರದ ಕಾಡಿಗೆ ಹೋದವರು ಜ್ವರ ಹೊತ್ತು ತರುತ್ತಾರೆಂಬ ಮಾತನ್ನು ಬೆಳಗಾವಿಯ ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಆ ಜ್ವರಕ್ಕೆ ‘ಮಲೇರಿಯಾ’ ಎಂಬ ಹೆಸರು ಬಂದುದು ಇಟಲಿಯಿಂದ. ‘ಕೆಟ್ಟ ಗಾಳಿ’ ಎಂದು ಅದರ ಅರ್ಥ. ಕೊಳೆತ ಎಲೆ ಮತ್ತು ನಿಂತ ನೀರಿನಿಂದ ಏಳುವ ಹಬೆಯೇ ರೋಗದ ಮೂಲವೆಂದು ವೈದ್ಯರು ಶತಮಾನಗಳ ಕಾಲ ನಂಬಿದ್ದರು. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡ ಮೇಲೆ ಗಾಳಿಯ ಮೇಲಿನ ಆರೋಪ ಬಿದ್ದುಹೋಯಿತು.

ಆದರೆ ಅದೇ 1897ರಲ್ಲಿ, ಅತ್ತ ಸ್ವೀಡನ್ನಿನಲ್ಲಿ, ಸ್ಯಾಂಟೆಸನ್ ಎಂಬ ವೈದ್ಯರು ಬೇರೊಂದು ಸಂಗತಿಯನ್ನು ವರದಿ ಮಾಡಿದರು. ಸೈಕಲ್ ಟಯರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಎಳೆಯ ವಯಸ್ಸಿನ ಹೆಂಗಸರು ರಕ್ತ ಬತ್ತಿ ಸತ್ತಿದ್ದರು. ರಬ್ಬರನ್ನು ಕರಗಿಸಲು ಬಳಸುತ್ತಿದ್ದ ಬೆಂಜೀನ್ ಎಂಬ ದ್ರವದ ಹಬೆ ಅವರ ಮೂಳೆಯೊಳಗಿನ ನೆಣವನ್ನು, ಎಂದರೆ ರಕ್ತ ಹುಟ್ಟುವ ಜಾಗವನ್ನೇ, ಹಾಳುಗೆಡವಿತ್ತು. ಈ ಬೆಂಜೀನನ್ನು 1825ರಲ್ಲಿ ಮೊದಲು ಬೇರ್ಪಡಿಸಿದವರು ಮೈಕೆಲ್ ಫ್ಯಾರಡೆ.

ಸೈಕಲ್ಲಿನ ಮಾತು ಬಂದುದರಿಂದ ಬೆಳಗಾವಿಯನ್ನೂ ನೆನೆಯಬೇಕು. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಇಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ಮಾಡಿದರು. 1910ರಲ್ಲಿ ಅವರು ಊರು ಬಿಟ್ಟು ಕುಂಡಲಕ್ಕೆ ಹೋದರೂ ಕಬ್ಬಿಣದ ಕೆಲಸ ಬೆಳಗಾವಿಯನ್ನು ಬಿಡಲಿಲ್ಲ. ಉದ್ಯಮಬಾಗದ ಎರಕದ ಮನೆಗಳು ಇಂದು ದೂರದೂರದವರೆಗೂ ಹೆಸರಾಗಿವೆ. ಎರಕದ ಮರಳಿನ ಅಚ್ಚು ಗಟ್ಟಿಯಾಗಿ ನಿಲ್ಲಲು ಕೆಲವೆಡೆ ಅಂಟುರಾಳ ಬೆರೆಸುತ್ತಾರೆ. ಕಾದ ಲೋಹ ಅದನ್ನು ತಾಗಿದೊಡನೆ ಬೆಂಜೀನ್, ಫಿನಾಲ್, ಫಾರ್ಮಾಲ್ಡಿಹೈಡುಗಳ ಹಬೆ ಏಳುತ್ತದೆ. ಅದನ್ನು ಮೊದಲು ಉಸಿರಾಡುವವನು ಪಕ್ಕದಲ್ಲಿ ನಿಂತ ಕೂಲಿಯವನು. ಪೇಟೆಯವರ ಸರದಿ ಆಮೇಲಿನದು.

ಪೇಟೆಯವರಿಗಾದರೋ ಇಂಥ ಹಬೆ ಬರುವುದು ಪೆಟ್ರೋಲಿನಿಂದ, ಬಣ್ಣದಿಂದ, ತಿನ್ನರಿನಿಂದ, ವಾಹನದ ಹೊಗೆಯಿಂದ. ಬೇಗನೆ ಆರಿ ಗಾಳಿಯಲ್ಲಿ ಸೇರುವ ಈ ಇಂಗಾಲದ ವಸ್ತುಗಳೆಲ್ಲ ಸಮಾನ ವಿಷವಲ್ಲ. ಕೆಲವು ಕಣ್ಣು ಉರಿಸಿ, ತಲೆನೋವು ತಂದು ಸುಮ್ಮನಾಗುತ್ತವೆ. ಬೆಂಜೀನ್ ಹಾಗಲ್ಲ, ಬಹುಕಾಲದ ಸೇವನೆಯಿಂದ ರಕ್ತದ ಕ್ಯಾನ್ಸರ್ ಬರುತ್ತದೆಂಬುದು ಸಿದ್ಧವಾಗಿದೆ.

ಇನ್ನು ಖಾನಾಪುರದ ಕಾಡು. ನಿಮಗೆ ಆಶ್ಚರ್ಯವಾದೀತು, ಮರಗಳೂ ಇಂಥ ಹಬೆಯನ್ನು ಬಿಡುತ್ತವೆ; ಲೋಕದ ಲೆಕ್ಕದಲ್ಲಿ ಮನುಷ್ಯರಿಗಿಂತ ಹಲವು ಪಾಲು ಹೆಚ್ಚಾಗಿಯೇ ಬಿಡುತ್ತವೆ. ದೂರದ ಬೆಟ್ಟದ ಮೇಲಿನ ನೀಲಿ ಮಬ್ಬಿಗೆ ಇದು ಕಾರಣವೆಂದು ವೆಂಟ್ ಎಂಬ ಸಸ್ಯವಿಜ್ಞಾನಿ 1960ರಲ್ಲಿ ಬರೆದರು. ಕಾಡಿನಲ್ಲಿ ಅದರಿಂದ ಕೇಡಿಲ್ಲ. ವಾಹನಗಳು ಕಾರುವ ನೈಟ್ರೋಜನ್ ಆಕ್ಸೈಡುಗಳ ಜತೆ ಬಿಸಿಲಿನಲ್ಲಿ ಕೂಡಿದಾಗ ಮಾತ್ರ ಈ ಜಾತಿಯ ಹಬೆ ಎದೆಗೆ ಕೆಡುಕಾದ ಓಜೋನ್ ಆಗುತ್ತದೆ. ಈ ಗುಟ್ಟನ್ನು 1950ರ ಸುಮಾರಿಗೆ ಲಾಸ್ ಏಂಜಲೀಸಿನಲ್ಲಿ ಬಿಡಿಸಿದ ಹಾಗೆನ್-ಸ್ಮಿಟ್ ಅವರು ಅದಕ್ಕೆ ಮೊದಲು ಅನಾನಸಿನ ಪರಿಮಳವನ್ನು ಪರೀಕ್ಷಿಸುತ್ತಿದ್ದವರು! ಮರಗಳ ಮೇಲೆ ತಪ್ಪು ಹೊರಿಸಲು ಹೊರಡುವವರು ಈ ‘ಮಾತ್ರ’ ಎಂಬ ಪದವನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ವಾಯುಮಾಲಿನ್ಯದ ಕಾಯಿದೆ ಬಂದುದು 1981ರಲ್ಲಿ. ಬೆಂಜೀನಿಗೆ ಮಿತಿ ಹಾಕಿದ್ದು 2009ರ ನವೆಂಬರಿನಲ್ಲಿ: ವರ್ಷದ ಸರಾಸರಿ, ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. ಹಿಂದೆ ನೂರಕ್ಕೆ 5ರವರೆಗೂ ಇರಬಹುದಾಗಿದ್ದ ಪೆಟ್ರೋಲಿನ ಬೆಂಜೀನು 2010ರ ಸುಮಾರಿಗೆ 1ಕ್ಕೆ ಇಳಿಯಿತು. ಇದು ಸಣ್ಣ ಲಾಭವಲ್ಲ. 2019ರಲ್ಲಿ ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದಾಗ ಕರ್ನಾಟಕದಿಂದ ಪಟ್ಟಿಗೆ ಸೇರಿದುವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ, ಬೆಳಗಾವಿ ಅದರಲ್ಲಿರಲಿಲ್ಲ. ಹಾಗೆಂದು ಸಮಾಧಾನಪಡಬೇಡಿರಿ. ಆ ಪಟ್ಟಿಯನ್ನು ಮಾಡಿದ್ದು ಮುಖ್ಯವಾಗಿ ಧೂಳಿನ ಅಳತೆಯಿಂದ. ಧೂಳು ಕಡಿಮೆಯಿರುವ ಊರಿನಲ್ಲಿ ಹಬೆಯೂ ಕಡಿಮೆಯೆಂದು ಯಾರೂ ಪ್ರಮಾಣಪತ್ರ ಕೊಟ್ಟಿಲ್ಲ.

ಮನೆಯೊಳಗಿನ ಗಾಳಿಯನ್ನಂತೂ ಯಾವ ಮಂಡಳಿಯೂ ಅಳೆಯುವುದಿಲ್ಲ. ಖಾನಾಪುರದ ಹಳ್ಳಿಯ ಅಡುಗೆಮನೆಯಲ್ಲಿ ಹಸಿ ಕಟ್ಟಿಗೆ ಉರಿದರೆ ಬೆಂಜೀನೂ ಫಾರ್ಮಾಲ್ಡಿಹೈಡೂ ಒಲೆಯ ಮುಂದೆ ಕುಳಿತ ತಾಯಿಯ ಎದೆಗೇ ಹೋಗುತ್ತವೆ. ಪೇಟೆಯಲ್ಲಿ ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಗುವನ್ನು ಮಲಗಿಸುವುದುಂಟು. ಕೆಲವು ದಿನ ಕಿಟಕಿ ತೆರೆದಿಟ್ಟು, ಆ ವಾಸನೆ ಹೋದ ಮೇಲೆ ಅಲ್ಲಿ ಮಲಗಿಸಿರಿ. ಸಂಜೆ ಸೊಳ್ಳೆಗೆಂದು ಬಾಗಿಲು ಹಾಕಿ ಸುರುಳಿಬತ್ತಿ ಹೊತ್ತಿಸುತ್ತೇವಲ್ಲ, ಅದರ ಹೊಗೆಯಲ್ಲಿಯೂ ಫಾರ್ಮಾಲ್ಡಿಹೈಡ್ ಇದೆ. 2004ರಲ್ಲಿ ಅದನ್ನೂ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ತಜ್ಞರು ಎಣಿಸಿದ್ದಾರೆ. ರಾಸ್ ಅವರು ಹಿಡಿದುಕೊಟ್ಟ ಸೊಳ್ಳೆಯನ್ನು ಓಡಿಸಲು ಹೋಗಿ, ಇಲ್ಲದ ಕೆಟ್ಟ ಗಾಳಿಯನ್ನು ನಾವೇ ಮನೆಯೊಳಗೆ ಮಾಡಿಕೊಂಡಂತಾಯಿತು. ಸೊಳ್ಳೆಪರದೆ ಕಟ್ಟಿಕೊಂಡವರಿಗೆ ಆ ಬತ್ತಿ ಬೇಕಿಲ್ಲ.