ತೀವ್ರ ನಿಗಾ ಘಟಕದಲ್ಲಿ ಮುಂಗಡ ಅಪಾಯ ವಿಶ್ಲೇಷಣೆ

ಅವಘಡ ನಡೆದ ಮೇಲೆ ಕಾರಣ ಹುಡುಕುವ ಬದಲು, ಚಿಕಿತ್ಸೆಯ ಪ್ರತಿ ಹಂತದಲ್ಲೂ ಏನು ತಪ್ಪಬಹುದು, ತಪ್ಪಿದರೆ ಪರಿಣಾಮವೇನು, ಅದು ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ ಎಂದು ಮೊದಲೇ ತೂಗಿನೋಡುವ ವಿಧಾನವಿದು. 1949ರಲ್ಲಿ ಅಮೆರಿಕದ ಸೇನೆ ಯಂತ್ರೋಪಕರಣಗಳಿಗಾಗಿ ರೂಪಿಸಿದ ಈ ಕ್ರಮವನ್ನು ಅಲ್ಲಿನ ನಿವೃತ್ತ ಯೋಧರ ಇಲಾಖೆ 2000ದ ದಶಕದ ಆರಂಭದಲ್ಲಿ ಆಸ್ಪತ್ರೆಗಳಿಗೆ ಒಗ್ಗಿಸಿತು. ಕರ್ನಾಟಕದಲ್ಲಿ ಇದರ ಅಗತ್ಯವನ್ನು ತೋರಿಸಿದ್ದು 2021ರ ಮೇ ತಿಂಗಳ ಚಾಮರಾಜನಗರ ದುರಂತ. ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ತಲೆದೋರಿ, 24 ರೋಗಿಗಳ ಸಾವು ವರದಿಯಾದ ಮೇಲೆ ತನಿಖೆ ನಡೆಯಿತು.

ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಈ ವಿಶ್ಲೇಷಣೆ ಘಟಕದ ಬಾಗಿಲಿನೊಳಗೆ ಮುಗಿಯುವಂಥದ್ದಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಗಂಭೀರ ರೋಗಿ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಕೆಲವೊಮ್ಮೆ ದಾವಣಗೆರೆಗೋ ಬೆಂಗಳೂರಿಗೋ ಸಾಗಬೇಕು. ಅಪಾಯ ಹೆಚ್ಚು ಅಡಗಿರುವುದು ಈ ಕೈಬದಲಾವಣೆಗಳಲ್ಲೇ. 'ಬಿ' ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಹರಿಸಿದರೆ 150 ನಿಮಿಷ: ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಧಾರಾಳ, ಅಲ್ಲಿಂದ 200 ಕಿ.ಮೀ. ದೂರದ ಬೆಂಗಳೂರಿಗೆ ಸಾಲದು. ಹೊರಡುವ ಮುನ್ನ ಒತ್ತಡಮಾಪಕದ ಮುಳ್ಳು ನೋಡುವವರು ಯಾರು ಎಂಬುದು ಬರೆದಿಡಬೇಕಾದ ಪ್ರಶ್ನೆ. ಈ ವಿಧಾನದಲ್ಲಿ ಪ್ರತಿ ಅಪಾಯದ ತೀವ್ರತೆ, ಸಂಭವ, ಪತ್ತೆ ಮೂರಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಗುಣಿಸುವುದು ಬರೀ ಊಹೆಯ ಲೆಕ್ಕ, ಎರಡು ತಂಡಗಳು ಎರಡು ಉತ್ತರ ಕೊಡುತ್ತವೆ ಎಂಬ ಆಕ್ಷೇಪವುಂಟು. ಅದು ನಿಜವೇ. ಆದರೆ ಬೆಲೆಯಿರುವುದು ಗುಣಲಬ್ಧಕ್ಕಲ್ಲ. ವೈದ್ಯರು, ಶುಶ್ರೂಷಕಿಯರು, ಆಂಬುಲೆನ್ಸ್ ಚಾಲಕರು ಒಟ್ಟಿಗೆ ಕೂತು ಹಂತಗಳನ್ನು ಬರೆಯುವುದಕ್ಕೆ. ಸಿಬ್ಬಂದಿಗೆ ಪುರುಸೊತ್ತಿಲ್ಲ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಇಡೀ ಘಟಕವನ್ನು ಒಮ್ಮೆಗೇ ಕೈಗೆತ್ತಿಕೊಳ್ಳದೆ, ರೋಗಿಯ ಸ್ಥಳಾಂತರ ಅಥವಾ ವೆಂಟಿಲೇಟರಿನ ಬದಲಿ ವಿದ್ಯುತ್ತು, ಇಂಥ ಒಂದೇ ಪ್ರಕ್ರಿಯೆಯನ್ನು ಆಯ್ದುಕೊಂಡರೆ ಕೆಲವೇ ಬೈಠಕ್ಕುಗಳಲ್ಲಿ ಕೆಲಸ ಮುಗಿಯುತ್ತದೆ.