ವಕ್ಕಲೇರಿಯ ತಾಮ್ರಶಾಸನವೂ ದಕ್ಷಿಣಾರ್ಣವದ ಮುತ್ತುಗಳೂ

ಕೋಲಾರದ ಸೀಮೆಯನ್ನು ಬಲ್ಲವರು ಅದನ್ನು ಸಮುದ್ರದೊಡನೆ ಕೂಡಿಸಿ ನೆನೆಯುವುದು ಅಪೂರ್ವ. ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರುಗಳಿಗೂ ಎತ್ತರದಲ್ಲಿ, ಹೆಬ್ಬಂಡೆಗಳ ನಡುನಡುವೆ ರಾಗಿಯ ಹೊಲಗಳನ್ನೂ ಮಾವಿನ ತೋಪುಗಳನ್ನೂ ಹರಡಿಕೊಂಡು, ವರ್ಷವಿಡೀ ಹರಿಯುವ ಒಂದು ನದಿಯನ್ನೂ ಕಾಣದೆ, ಕೆರೆಕುಂಟೆಗಳನ್ನೇ ನೆಚ್ಚಿ ಬಾಳಿಬಂದ ಈ ನಾಡಿಗೆ ಅತ್ಯಂತ ಸಮೀಪದ ಕಡಲತೀರವೂ ಇನ್ನೂರು ಕಿಲೋಮೀಟರಿಗೆ ಮಿಕ್ಕ ದೂರದಲ್ಲಿದೆ. ಆದರೆ ಕೋಲಾರ ತಾಲ್ಲೂಕಿನ ವಕ್ಕಲೇರಿಯ ಹೆಸರನ್ನು ಇತಿಹಾಸಜ್ಞರ ಲೋಕದಲ್ಲಿ ಚಿರಸ್ಥಾಯಿಯಾಗಿ ಮಾಡಿರುವ ತಾಮ್ರಶಾಸನವು, ಬೆಳುದಿಂಗಳಂತೆ ಹೊಳೆಯುವ ಮುತ್ತುಗಳ ರಾಶಿ ಚೆಲ್ಲಿರುವ ಒಂದು ಕಡಲತಡಿಯನ್ನು ತನ್ನ ಲೋಹದ ಹಾಳೆಯಲ್ಲಿ ಸಾವಿರದ ಇನ್ನೂರ ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ಹಿಡಿದಿಟ್ಟುಕೊಂಡಿದೆ.

ಈ ಶಾಸನವು ಬಾದಾಮಿಯ ಚಾಲುಕ್ಯವಂಶದ ಕೊನೆಯ ಅರಸನಾದ ಇಮ್ಮಡಿ ಕೀರ್ತಿವರ್ಮನದು. ಶಕವರ್ಷ 679ರಲ್ಲಿ, ಅಂದರೆ ಕ್ರಿ. ಶ. 757ರಲ್ಲಿ, ಭೀಮರಥಿಯ, ಎಂದರೆ ಭೀಮಾನದಿಯ, ಉತ್ತರತೀರದ ಭಂಡಾರಗವಿಟ್ಟಗೆ ಎಂಬ ಬೀಡಿನಲ್ಲಿದ್ದಾಗ ಅವನು ಪಾನುಂಗಲ್ಲು ವಿಷಯದ, ಎಂದರೆ ನಾಡಿನ, ಸುಳ್ಳಿಯೂರೆಂಬ ಗ್ರಾಮವನ್ನು ಬ್ರಾಹ್ಮಣನೊಬ್ಬನಿಗೆ ದತ್ತಿಯಾಗಿ ಬಿಟ್ಟುದನ್ನು ಅದು ಹೇಳುತ್ತದೆ. ಪಾನುಂಗಲ್ಲೆಂದರೆ ಇಂದಿನ ಹಾನಗಲ್ಲು. ದಾನವಾದ ನೆಲ ಅಲ್ಲಿಯದು, ದಾನಪತ್ರ ದೊರೆತದ್ದು ಇಲ್ಲಿ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟದ ಮೂಲಕ ಈ ಸೀಮೆಯ ಶಾಸನಗಳೆಲ್ಲ ಓದುಗರ ಕೈಗೆಟುಕಿದವು. ಆ 1905ನೆಯ ಇಸವಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದೇ ವರ್ಷ ಬೇರೊಂದು ಕಾರಣಕ್ಕಾಗಿ ನಮ್ಮೆದುರು ಬರಲಿದೆ.

ಚಾಲುಕ್ಯರ ತಾಮ್ರಪಟಗಳು ಸಮುದ್ರವನ್ನು ಕಲಕಿ ತನ್ನ ದಂತಾಗ್ರದಲ್ಲಿ ಭೂಮಿಯನ್ನೆತ್ತಿದ ವರಾಹದ ಸ್ತುತಿಯಿಂದ ಆರಂಭವಾಗುತ್ತವೆ. ವಕ್ಕಲೇರಿಯದೂ ಆ ಪರಂಪರೆಗೆ ಸೇರಿದುದೇ. ಒಳನಾಡಿನ ಮಲಪ್ರಭೆಯ ಕಣಿವೆಯಲ್ಲಿ ರಾಜಧಾನಿಯನ್ನು ಕಟ್ಟಿಕೊಂಡಿದ್ದ ಈ ಅರಸರಿಗೆ ಕಡಲಿನ ಮೇಲಿದ್ದ ಆಸೆ ಕೇವಲ ಸ್ತುತಿಪದ್ಯದ ಮಾತಾಗಿರಲಿಲ್ಲ. ಮಂಗಳೇಶನು ರೇವತೀದ್ವೀಪವನ್ನು ಗೆದ್ದನು. ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ನೌಕೆಗಳಿಂದ ಮುತ್ತಿದನೆಂದು ರವಿಕೀರ್ತಿಯ ಐಹೊಳೆಯ ಶಾಸನ ಸಾರುತ್ತದೆ. ವಿನಯಾದಿತ್ಯನು ಸಿಂಹಳಾದಿ ದ್ವೀಪಗಳ ಅಧಿಪತಿಗಳಿಂದ ಕಪ್ಪವನ್ನು ಕೊಂಡನೆಂದು ವಕ್ಕಲೇರಿಯ ಪಟವೇ ಹೇಳಿಕೊಳ್ಳುತ್ತದೆ. ಕೀರ್ತಿವರ್ಮನ ತಂದೆ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವ ನಂದಿಪೋತವರ್ಮನನ್ನು ಸೋಲಿಸಿ, ಕಾಂಚಿಯನ್ನು ಹೊಕ್ಕು, ಅದನ್ನು ಹಾಳುಗೆಡಹದೆ ರಾಜಸಿಂಹೇಶ್ವರ ದೇವಾಲಯಕ್ಕೆ ಅದರ ಹೊನ್ನನ್ನು ಹಿಂದಿರುಗಿಸಿ ಬಂದ ಕಥೆ ಕನ್ನಡಿಗರೆಲ್ಲರೂ ಹೆಮ್ಮೆಯಿಂದ ನೆನೆಯತಕ್ಕದ್ದು. ಅವನು ಪಲ್ಲವನಿಂದ ಕಸಿದು ತಂದ ರಾಜಚಿಹ್ನೆಗಳಲ್ಲಿ ಸಮುದ್ರಘೋಷವೆಂಬ ಹೆಸರಿನ ಒಂದು ವಾದ್ಯವೂ ಇತ್ತು. ಕಡಲ ಮೊರೆತವನ್ನು ಅನುಕರಿಸುವ ಆ ವಾದ್ಯ ಬಯಲುಸೀಮೆಯ ಬಾದಾಮಿಯ ಸೊತ್ತಾಯಿತು.

ಆ ದಂಡಯಾತ್ರೆಯ ವರ್ಣನೆಯ ತುದಿಯಲ್ಲಿ ನಾನು ಹೇಳಹೊರಟ ಚಿತ್ರವಿದೆ. ಪಾಂಡ್ಯ, ಚೋಳ, ಕೇರಳ, ಕಳಭ್ರಾದಿಗಳನ್ನು ಬಗ್ಗುಬಡಿದ ವಿಕ್ರಮಾದಿತ್ಯನು ದಕ್ಷಿಣಾರ್ಣವದ ದಡದಲ್ಲಿ ಶರತ್ಕಾಲದ ಚಂದ್ರನಂತೆ ನಿರ್ಮಲವಾದ ಯಶಸ್ಸಿನ ಜಯಸ್ತಂಭವನ್ನು ನಿಲ್ಲಿಸಿದನಂತೆ. ಆ ದಡವಾದರೋ, ಕರಿಮಕರಗಳ ಸೊಂಡಿಲಿನ ಹೊಡೆತಕ್ಕೆ ಸಿಕ್ಕಿ ಒಡೆದ ಸಿಂಪುಗಳಿಂದ ಉದುರಿದ ಮುತ್ತುಗಳ ಕಿರಣಜಾಲದಿಂದ ಬೆಳಗುತ್ತಿತ್ತಂತೆ. ಪಾಂಡ್ಯರ ಸೀಮೆಯ ಮುತ್ತಿನ ಕಡಲೆಂದರೆ ಭಾರತಕ್ಕೂ ಸಿಂಹಳಕ್ಕೂ ನಡುವಣ ಮನ್ನಾರ್ ಕೊಲ್ಲಿಯಲ್ಲದೆ ಬೇರೆಯಲ್ಲ. ಶಾಸನಕವಿ ಅದನ್ನು ಕಣ್ಣಾರೆ ಕಂಡಿದ್ದನೋ ಕೇಳಿ ಬರೆದನೋ, ಅವನ ಮಾತಿನಲ್ಲಿ ಒಂದು ನಿಜ ಹುದುಗಿದೆ: ಮುತ್ತಿನ ಸಿಂಪುಗಳನ್ನು ಜಜ್ಜಿ ತಿನ್ನುವ ಜಲಚರಗಳು ಅಲ್ಲಿ ನಿಜವಾಗಿಯೂ ಉಂಟು. ತೊರಕೆ ಮೀನುಗಳ ಕಲ್ಲಿನಂಥ ದವಡೆಗೆ ಸಿಂಪು ಸುಲಭವಾದ ಆಹಾರ. ಆದರೆ ಕವಿಯ ಕಣ್ಣು ನಿಂತದ್ದು ಮುತ್ತಿನ ಹೊಳಪಿನ ಮೇಲೆ. ಒಡೆದ ಸಿಂಪಿನೊಳಗೆ ಒಂದು ಪ್ರಾಣವಿತ್ತೆಂಬುದು ಆ ವಾಕ್ಯದ ಹೊರಗೇ ಉಳಿಯಿತು. ಅನಂತರದ ಹನ್ನೆರಡು ಶತಮಾನಗಳ ಇತಿಹಾಸದಲ್ಲಿಯೂ ಅದು ಬಹುಮಟ್ಟಿಗೆ ಹೊರಗೇ ಉಳಿಯಿತೆಂಬುದು ನನ್ನ ವಿಷಾದ.

ಆ ಕೊಲ್ಲಿಯ ಮುತ್ತಿನ ಕಥೆ ಚಾಲುಕ್ಯರಿಗಿಂತ ಬಹು ಹಳೆಯದು. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬನ ಪೆರಿಪ್ಲಸ್ ಗ್ರಂಥವು, ಪಾಂಡ್ಯರ ಕೊರ್ಕೈ ಬಂದರಿನ ಬಳಿ ಶಿಕ್ಷೆಗೊಳಗಾದ ಅಪರಾಧಿಗಳಿಂದ ಮುತ್ತನ್ನು ತೆಗೆಸುತ್ತಿದ್ದರೆಂದು ಹೇಳುತ್ತದೆ. ಹದಿಮೂರನೆಯ ಶತಮಾನದ ಅಂತ್ಯದಲ್ಲಿ ಈ ತೀರಕ್ಕೆ ಬಂದ ಮಾರ್ಕೋ ಪೋಲೋ ಇನ್ನೂ ವಿವರವಾಗಿ ಬರೆದಿದ್ದಾನೆ. ವಸಂತದ ಕೊನೆಯಲ್ಲಿ ದೋಣಿಗಳು ಕೂಡುತ್ತಿದ್ದವು. ಮುಳುಗುವವರು ಉಸಿರು ಬಿಗಿಹಿಡಿದು ತಳಕ್ಕಿಳಿದು ಸಿಂಪುಗಳನ್ನು ಬಲೆಚೀಲಕ್ಕೆ ತುಂಬಿ ಮೇಲೇರುತ್ತಿದ್ದರು. ದೊರೆತದ್ದರಲ್ಲಿ ಹತ್ತರಲ್ಲೊಂದು ಪಾಲು ಅರಸನಿಗೆ, ಇಪ್ಪತ್ತರಲ್ಲೊಂದು ಪಾಲು ದೊಡ್ಡ ಮೀನುಗಳ ಬಾಯಿ ಕಟ್ಟುವ ಮಂತ್ರವಾದಿಗಳಿಗೆ. ಈ ಮಂತ್ರವಾದಿಗಳು ಹಗಲಿನಲ್ಲಿ ಕಟ್ಟಿದ ಮಂತ್ರವನ್ನು ಸಂಜೆ ಬಿಚ್ಚಿಬಿಡುತ್ತಿದ್ದರು; ಹಾಗೆ ಮಾಡಿದರೆ ರಾತ್ರಿ ಕಳ್ಳತನದಿಂದ ಮುಳುಗಲು ಯಾರಿಗೂ ಧೈರ್ಯ ಬಾರದೆಂದು. ಶಾರ್ಕಿನ ಭಯ ಹೀಗೆ ಸಿಂಪಿಗೆ ಕಾವಲಾಗಿತ್ತು. ಅರಿತೋ ಅರಿಯದೆಯೋ, ಕಡಲಿಗೂ ಒಂದು ವಿರಾಮದ ಹೊತ್ತನ್ನು ಬಿಟ್ಟುಕೊಟ್ಟಿದ್ದ ಈ ಕಟ್ಟಳೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಪರವರೆಂಬ ಕಡಲಮಕ್ಕಳು ತಲೆಮಾರುಗಳಿಂದ ನಡೆಸಿದ ಈ ಕಸುಬಿನಲ್ಲಿ ಮೈಯ ಬಲ ಒಂದೇ ಸಾಧನ. ಒಂದು ಉಸಿರಿನಷ್ಟೇ ಅದರ ಅವಧಿ. ಪಾಂಡ್ಯರ ತರುವಾಯ ಪೋರ್ಚುಗೀಸರು, ಅವರನ್ನು ಓಡಿಸಿ ಡಚ್ಚರು, ಅವರ ಬಳಿಕ ಇಂಗ್ಲಿಷರು ಪಾರುಗಳೆಂದು ಕರೆಯುವ ಈ ಮುತ್ತುಸಿಂಪಿನ ನೆಲೆಗಳ ಒಡೆತನವನ್ನು ಸರದಿಯಾಗಿ ಹಿಡಿದರು. ಒಡೆಯರು ಬದಲಾದಂತೆಲ್ಲ ಬೊಕ್ಕಸದ ಹಸಿವು ಹಿರಿದಾಯಿತು.

ಮುತ್ತಿನ ಸಿಂಪಿನ ಬಾಳನ್ನು ಬಲ್ಲವರು ಅದರ ದೌರ್ಬಲ್ಯವನ್ನೂ ಬಲ್ಲರು. ಕಡಲ ನೀರಿನಲ್ಲಿ ಸೂಕ್ಷ್ಮವಾದ ಮರಿಯಾಗಿ ತೇಲಿ, ಪ್ರವಾಹ ಕೊಂಡೊಯ್ದತ್ತ ಹೋಗಿ, ಕಲ್ಲುನೆಲೆಯೊಂದು ಸಿಕ್ಕಿದರೆ ಅಲ್ಲಿ ಅಂಟಿಕೊಂಡು, ನೀರನ್ನು ಸೋಸಿ ಅದರೊಳಗಿನ ಕಣಗಳನ್ನುಂಡು ಬೆಳೆಯುವ ಈ ಜೀವಿಯ ಆಯುಸ್ಸು ಐದಾರು ವರ್ಷ. ಮುಂಗಾರಿನ ಪ್ರವಾಹ ಕೆಟ್ಟಿತೆಂದರೆ ಒಂದು ಪಾರಿನ ಮರಿಗಳೆಲ್ಲ ಒಂದೇ ಋತುವಿನಲ್ಲಿ ಮಣ್ಣುಪಾಲಾಗುವುದುಂಟು. ಆದುದರಿಂದ ಸಿಂಪು ಹೇರಳವಾಗಿರುವ ವರ್ಷದಲ್ಲಿ ತಾಯಿಗಳನ್ನು ಉಳಿಸದೆ ಬಾಚಿದರೆ, ಪ್ರಕೃತಿಯ ಮುನಿಸೂ ಮನುಷ್ಯನ ಆಸೆಯೂ ಒಂದುಗೂಡಿ ಆ ನೆಲೆಯನ್ನು ಬಂಜೆಯಾಗಿಸುತ್ತವೆ. ಇದು ಇಂಗ್ಲಿಷರಿಗೆ ತಿಳಿಯದ ವಿಷಯವಾಗಿರಲಿಲ್ಲ. ಅವರ ಸರಕಾರವೇ 1902ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಲಿಯಂ ಹರ್ಡ್‌ಮನ್ನರನ್ನು ಸಿಂಹಳಕ್ಕೆ ಕಳುಹಿಸಿತು. ಜೇಮ್ಸ್ ಹಾರ್ನೆಲ್ಲರ ನೆರವಿನಿಂದ ಅವರು ಪಾರುಗಳನ್ನು ಪರೀಕ್ಷಿಸಿ ರಚಿಸಿದ ವರದಿ 1903ರಿಂದ 1906ರವರೆಗೆ ಐದು ಸಂಪುಟಗಳಾಗಿ ಪ್ರಕಟವಾಯಿತು. ಸಿಂಪು, ಅದನ್ನು ತಿನ್ನುವ ಮೀನು, ನಕ್ಷತ್ರಮೀನು, ಹವಳ, ಸ್ಪಂಜು, ತಳದ ಮರಳು, ಮೇಲಣ ಪ್ರವಾಹ ಇವೆಲ್ಲ ಒಂದನ್ನೊಂದು ಹೇಗೆ ಆಶ್ರಯಿಸಿವೆಯೆಂಬುದಕ್ಕೆ ನಮ್ಮ ಕಡಲುಗಳ ಬಗ್ಗೆ ಅಂದಿಗೆ ಅದಕ್ಕಿಂತ ವಿಸ್ತಾರವಾದ ಬರೆಹ ವಿರಳ.

ಆ ಸಂಪುಟಗಳು ಅಚ್ಚಾಗುತ್ತಿದ್ದ ಹೊತ್ತಿನಲ್ಲಿಯೇ, 1905ರಲ್ಲಿ, ಸಿಂಹಳದ ಮರಿಚ್ಚುಕ್ಕಟ್ಟಿಯ ಮುತ್ತಿನ ಬೇಟೆ ನಡೆಯಿತು. ಕಾಡಂಚಿನ ಬರಿದಾದ ಮರಳುದಡದಲ್ಲಿ ಕೆಲವು ವಾರಗಳ ಮಟ್ಟಿಗೆ ಒಂದು ನಗರವೇ ಎದ್ದಿತು. ಅರಬರೂ ತಮಿಳರೂ ಮುಳುಗಿದರು. ನಾನಾ ದೇಶದ ವರ್ತಕರು ಹರಾಜಿನಲ್ಲಿ ಕೂಗಿದರು. ಆ ಒಂದೇ ಹಂಗಾಮಿನಲ್ಲಿ ಕಡಲಿನಿಂದ ಮೇಲಕ್ಕೆ ಬಂದ ಸಿಂಪುಗಳು ಎಂಟು ಕೋಟಿಗೂ ಹೆಚ್ಚು. ಕೋಟಿಗೆ ಕೋಟಿ ಸಿಂಪುಗಳನ್ನು ದಡದಲ್ಲಿ ಕೊಳೆಯಿಸಿ, ತೊಳೆದು, ಅವುಗಳಲ್ಲೆಲ್ಲೋ ಅಡಗಿದ ಮುತ್ತನ್ನು ಹುಡುಕುವುದೇ ಅಲ್ಲಿನ ಪದ್ಧತಿಯಾಗಿತ್ತು. ಮರುವರ್ಷವೇ ಪಾರುಗಳನ್ನು ಇಪ್ಪತ್ತು ವರ್ಷಗಳ ಅವಧಿಗೆ ಒಂದು ಖಾಸಗಿ ಕಂಪೆನಿಗೆ ಗುತ್ತಿಗೆ ಕೊಟ್ಟರು. 1906ರಲ್ಲಿಯೂ 1907ರಲ್ಲಿಯೂ ಬೇಟೆ ನಡೆಯಿತು. 1908ರಲ್ಲಿ ತೆಗೆಯಲು ಸಿಂಪಿರಲಿಲ್ಲ. ಇಪ್ಪತ್ತು ವರ್ಷಗಳ ಗುತ್ತಿಗೆಯಲ್ಲಿ ಮೊದಲ ಎರಡು ವರ್ಷಗಳೇ ಕಡೆಯ ಎರಡೂ ಆದವು. ಪ್ರವಾಹಗಳೂ ತಿನ್ನುವ ಮೀನುಗಳೂ ಇದರಲ್ಲಿ ತಮ್ಮ ಪಾಲನ್ನು ಪಡೆದಿದ್ದವೆಂಬುದು ನಿಜ. ಆದರೆ ಬಲ್ಲವರು ಬರೆದಿಟ್ಟದ್ದು ಕೊಳ್ಳುವವರ ಕಿವಿಗೆ ತಲುಪಿರಲಿಲ್ಲವೆಂಬುದು ಅದಕ್ಕಿಂತ ದೊಡ್ಡ ನಿಜ. ಕೊರಳಿಗೆ ಮುತ್ತಿನ ಸರವನ್ನು ಧರಿಸಿದ ಯಾವ ಗೃಹಿಣಿಗಾಗಲಿ, ಅದನ್ನು ಮಾರಿದ ಯಾವ ಚಿನಿವಾರನಿಗಾಗಲಿ, ಅದನ್ನು ಹೊಗಳಿದ ಯಾವ ಕವಿಗಾಗಲಿ ಪಾರು ಎಂದರೇನೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಐದು ಸಂಪುಟಗಳ ವಿದ್ವತ್ತು ಜನರ ತಿಳಿವಾಗದೆ ಗ್ರಂಥಾಲಯದಲ್ಲಿ ನಿಂತಿತು, ಕಡಲು ಬರಿದಾಯಿತು.

ನಮ್ಮ ಕಡೆಯ ತೂತುಕುಡಿಯ ಪಾರುಗಳದೂ ಇಂಥದೇ ಗತಿ. 1955ರಿಂದ 1961ರವರೆಗೆ ವರ್ಷವರ್ಷವೂ ಮುತ್ತಿನ ಬೇಟೆ ನಡೆದು, ಆಮೇಲೆ ನಿಂತೇಹೋಯಿತು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾಲಯದ ವಿಜ್ಞಾನಿಗಳು 1973ರಲ್ಲಿ ತೂತುಕುಡಿಯಲ್ಲಿ ಸಿಂಪಿನೊಳಗೆ ಕೃತಕವಾಗಿ ಬೀಜವನ್ನಿಟ್ಟು ಮುತ್ತು ಬೆಳೆದರು. ಶ್ಲಾಘ್ಯವಾದ ಸಾಧನೆ ಅದು. ಆದರೆ ಮುತ್ತು ಬೆಳೆಯುವುದು ಬೇರೆ, ಪಾರು ಮರಳುವುದು ಬೇರೆ. ಅದೇ ಕೊಲ್ಲಿಯ ಹವಳದ ದಿಬ್ಬಗಳನ್ನು ಸುಣ್ಣಕ್ಕಾಗಿ ಅಗೆದರು; 21 ದ್ವೀಪಗಳಲ್ಲಿ ಎರಡು ನೀರಿನಲ್ಲಿ ಮುಳುಗಿದವು. 1986ರಲ್ಲಿ ಆ ದ್ವೀಪಗಳ ಸುತ್ತಣ ಕಡಲನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. 1989ರಲ್ಲಿ ಕೊಲ್ಲಿ ಜೀವಗೋಳ ಮೀಸಲಾಯಿತು. 2001ರಲ್ಲಿ ಹವಳಗಳಿಗೂ ಕಡಲಸೌತೆಗಳಿಗೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ದೊರೆಯಿತು. 2022ರಲ್ಲಿ ನೆರೆಯ ಪಾಕ್ ಕೊಲ್ಲಿಯಲ್ಲಿ ಕಡಲಹಸುವಿಗಾಗಿ ಸಂರಕ್ಷಿತ ಪ್ರದೇಶವೊಂದು ಏರ್ಪಟ್ಟಿತು. ನಮ್ಮ ಕರಾವಳಿಯಲ್ಲಿಯೂ ಮುರುಡೇಶ್ವರದ ಎದುರಿನ ನೇತ್ರಾಣಿಯ ಹವಳಗಳ ಕಡೆಗೆ ಜನರ ದೃಷ್ಟಿ ಹರಿದಿದೆ. ಅಘನಾಶಿನಿಯ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಇವೆಲ್ಲವೂ ಬೇಕಾದುವೇ. ಆದರೆ ಕಡಲನ್ನು ಕಾಯುವುದು ಕರಾವಳಿಯವರ ಕೆಲಸವೆಂಬ ಭಾವನೆ ಒಳನಾಡಿನವರಾದ ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ವಕ್ಕಲೇರಿಯ ಶಾಸನವನ್ನು ಓದಿದಾಗಲೆಲ್ಲ ಅದು ಸರಿಯಲ್ಲವೆಂದು ನನಗೆ ತೋರುತ್ತದೆ.

ಏಕೆಂದರೆ ಮುತ್ತು ಎಂದೂ ಕರಾವಳಿಯವರಿಗಾಗಿ ಮಾತ್ರ ತೆಗೆದ ಪದಾರ್ಥವಲ್ಲ. ಕೋಲಾರದ ಹೆಣ್ಣುಮಕ್ಕಳ ಮೂಗುತಿಯ ಮುತ್ತು, ಎಲ್ಲಮ್ಮನ ಭಕ್ತರ ಕೊರಳಿನ ಕವಡೆಯ ಸರ, ಚೌಕಾಬಾರದ ಕವಡೆ, ಸಂತೆಯ ಒಣಮೀನು, ಶನಿವಾರ ಮನೆಯ ಮುಂದೆ ನಿಂತು ದಾಸಯ್ಯ ಊದುವ ಶಂಖ ಇವೆಲ್ಲವೂ ಕಡಲಿನಿಂದ ಬಂದವು. ದೇವರ ಮನೆಯ ಶಂಖವು ಒಂದು ಬಸವನಹುಳುವಿನ ಮನೆಯಾಗಿತ್ತೆಂದೂ, ಅದೂ ಬಹುಮಟ್ಟಿಗೆ ಅದೇ ಮನ್ನಾರ್ ಕೊಲ್ಲಿಯ ಮರಳಿನಲ್ಲಿ ತೆವಳುತ್ತಿದ್ದುದೆಂದೂ, ಹರ್ಡ್‌ಮನ್ನರ ಜೊತೆಗಾರ ಹಾರ್ನೆಲ್ಲರು 1914ರಲ್ಲಿ ಅದರ ಮೇಲೆಯೇ ಒಂದು ಗ್ರಂಥವನ್ನು ಬರೆದರೆಂದೂ ನಮ್ಮ ಮಕ್ಕಳಿಗೆ ಹೇಳಿದರೆ ಪೂಜೆಗೆ ಕುಂದೇನೂ ಬಾರದು. ಭಕ್ತಿ ಇನ್ನಷ್ಟು ಅರ್ಥವತ್ತಾದೀತು. ವಕ್ಕಲೇರಿಯ ಬೆಟ್ಟದ ಮೇಲಿರುವ ದೇವರು ಮಾರ್ಕಂಡೇಶ್ವರ. ಪ್ರಳಯಸಮುದ್ರದಲ್ಲಿ ಒಬ್ಬಂಟಿಯಾಗಿ ತೇಲಿ, ಆಲದೆಲೆಯ ಮೇಲೆ ಮಲಗಿದ ಶಿಶುವಿನ ಉದರದಲ್ಲಿ ಸಕಲ ಜೀವರಾಶಿಯನ್ನೂ ಕಂಡ ಋಷಿಯ ಹೆಸರನ್ನು ಹೊತ್ತಿರುವ ಬೆಟ್ಟದ ತಪ್ಪಲಿನವರಿಗೆ ಕಡಲಿನ ಜೀವರಾಶಿಯ ಮಾತು ಪರಕೀಯವೆನಿಸಬೇಕಾಗಿಲ್ಲ.

ನೀರಿನ ಸಂಬಂಧವಂತೂ ಇನ್ನೂ ನೇರವಾದದ್ದು. ಕೋಲಾರ ಜಿಲ್ಲೆಯ ನೀರೆಲ್ಲ ಪೂರ್ವಸಮುದ್ರಕ್ಕೆ ಬಾಗಿದೆ. ಬೇತಮಂಗಲದ ಕೆರೆಯನ್ನು ತುಂಬಿಸುವ ಪಾಲಾರ್, ವಿಕ್ರಮಾದಿತ್ಯನು ಹೊಕ್ಕ ಕಾಂಚಿಯ ಸಮೀಪದಲ್ಲಿಯೇ ಹರಿದು ಮಹಾಬಲಿಪುರಕ್ಕೆ ತೆಂಕಣ ತೀರದಲ್ಲಿ ಕಡಲನ್ನು ಸೇರುತ್ತದೆ. ಮಾಲೂರಿನ ಕಡೆಯ ದಕ್ಷಿಣ ಪಿನಾಕಿನಿ ಕಡಲೂರಿನ ಬಳಿ ಸೇರುತ್ತದೆ. ಶ್ರೀನಿವಾಸಪುರದ ಕಡೆಯ ಪಾಪಘ್ನಿಯು ಪೆನ್ನೆಯ ಮೂಲಕ ಅದೇ ಸಮುದ್ರಕ್ಕೆ ಹೋಗುತ್ತದೆ. ಪ್ರತಿಯಾಗಿ ಆ ಬಂಗಾಳಕೊಲ್ಲಿಯೇ ನಮಗೆ ಹಿಂಗಾರನ್ನು ಕಳುಹಿಸುತ್ತದೆ. 2021ರ ನವೆಂಬರಿನಲ್ಲಿ ಕೋಲಾರದ ಕೆರೆಗಳು ಕೋಡಿಹರಿದದ್ದು ಅಲ್ಲಿಂದ ಎದ್ದ ಮೋಡಗಳಿಂದ. ಕೋಡಿಹರಿದ ದಿನ ಕೆರೆಯಂಗಳದಲ್ಲಿ ನಾವು ಎಸೆದ ಪ್ಲಾಸ್ಟಿಕ್ಕು, ಕಾರ್ಖಾನೆಗಳು ಬಿಟ್ಟ ವಿಷ, ಹೊಲಕ್ಕೆ ಸುರಿದ ಔಷಧಿ ಯಾವುದೂ ಇಲ್ಲಿ ನಿಲ್ಲುವುದಿಲ್ಲ. ನೀರನ್ನು ಸೋಸಿಯೇ ಬದುಕುವ ಸಿಂಪಿನಂಥ ಜೀವಿಗೆ ಅದು ಅನ್ನದಲ್ಲಿ ಬೆರೆತ ವಿಷ.

ಸಂಯುಕ್ತ ರಾಷ್ಟ್ರಸಂಸ್ಥೆಯು 2008ರಲ್ಲಿ ಜೂನ್ 8ನೆಯ ತೇದಿಯನ್ನು ವಿಶ್ವ ಸಾಗರದಿನವೆಂದು ಗೊತ್ತುಮಾಡಿತು. ಅದನ್ನು ಕಡಲತೀರದಲ್ಲಿಯೇ ಆಚರಿಸಬೇಕೆಂಬ ನಿಯಮವೇನೂ ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲೆಗಳ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟು: ಆ ದಿನ ಮಕ್ಕಳನ್ನು ತಮ್ಮೂರಿನ ಕೆರೆಯ ಕೋಡಿಯ ಬಳಿಗೆ ಕರೆದೊಯ್ಯಿರಿ, ಅಲ್ಲಿಂದ ಹೊರಟ ನೀರು ಯಾವ ಹಳ್ಳವನ್ನು, ಯಾವ ನದಿಯನ್ನು ಹಿಡಿದು ಯಾವ ಸಮುದ್ರವನ್ನು ಸೇರುತ್ತದೆಯೆಂದು ನಕ್ಷೆಯಲ್ಲಿ ತೋರಿಸಿರಿ, ವಕ್ಕಲೇರಿಯ ಶಾಸನದಲ್ಲಿ ಮುತ್ತಿನ ದಡದ ಮಾತು ಬರುವ ಭಾಗವನ್ನು ಓದಿ ಹೇಳಿರಿ, ಅದರ ಬೆನ್ನಿಗೇ 1905ರ ಎಂಟು ಕೋಟಿ ಸಿಂಪುಗಳ ಕಥೆಯನ್ನೂ ಹೇಳಿರಿ, ಆ ಮೇಲೆ ಕೋಡಿಯ ಸುತ್ತ ಬಿದ್ದಿರುವ ಕಸವನ್ನು ಅವರ ಜೊತೆಗೂಡಿ ಹೆಕ್ಕಿ ತೆಗೆಯಿರಿ.