ಉದ್ದದ ನಗರಕ್ಕೆ ಅಡ್ಡದಾರಿಗಳು: ವಿಕ್ರೋಳಿಯಿಂದ ಕಂಡ ಮುಂಬಯಿ

ವಿಕ್ರೋಳಿಯ ನಕ್ಷೆಯಲ್ಲಿ ಮೂರು ಗೆರೆಗಳು ಎದ್ದು ಕಾಣುತ್ತವೆ. ಪಶ್ಚಿಮಕ್ಕೆ, ಹಿಂದೆ ಆಗ್ರಾ ರಸ್ತೆ ಎನಿಸಿಕೊಂಡಿದ್ದ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗ. ನಡುವೆ ಮಧ್ಯ ರೈಲ್ವೆಯ ಹಳಿಗಳು. ಪೂರ್ವಕ್ಕೆ, ಸಯನ್‌ನಿಂದ ಠಾಣೆಯತ್ತ ಸಾಗುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ. ಮೂರೂ ದಕ್ಷಿಣೋತ್ತರವಾಗಿ ಹರಿಯುತ್ತವೆ. ಇವುಗಳನ್ನು ಪರಸ್ಪರ ಜೋಡಿಸುವ ಅಡ್ಡದಾರಿಗಳು ಮಾತ್ರ ವಿರಳ. 2025ರ ಜೂನ್ 14ರಂದು ವಿಕ್ರೋಳಿಯ ರೈಲುಹಳಿಗಳ ಮೇಲೆ 615 ಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆಯುವ ಮುನ್ನ, ಇಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋಗಬೇಕಾದ ವಾಹನವು ಉತ್ತರದಲ್ಲಿ ಜೋಗೇಶ್ವರಿ–ವಿಕ್ರೋಳಿ ಲಿಂಕ್ ರಸ್ತೆಯನ್ನೋ ದಕ್ಷಿಣದಲ್ಲಿ ಘಾಟ್‌ಕೋಪರವನ್ನೋ ಸುತ್ತಿ ಬರಬೇಕಾಗಿತ್ತು. ಹಳಿಯಾಚೆ ಕಣ್ಣಿಗೆ ಕಾಣುವ ಜಾಗವನ್ನು ತಲುಪಲು ಎರಡು ಮುಖ್ಯರಸ್ತೆಗಳ ದಟ್ಟಣೆಯಲ್ಲಿ ಪಾಲುದಾರರಾಗಬೇಕಿತ್ತು. ಮುಂಬಯಿಯ ಸಂಚಾರ ಸಮಸ್ಯೆಯ ಚರಿತ್ರೆಯನ್ನು ಈ ಗೆರೆಗಳ ಮೂಲಕವೇ ಓದಬಹುದೆಂದು ನಮಗೆ ತೋರುತ್ತದೆ.

ಈ ಗೆರೆಗಳು ದಕ್ಷಿಣೋತ್ತರವಾಗಿದ್ದುದಕ್ಕೆ ಕಾರಣ ಕಡಲು ಮತ್ತು ವ್ಯಾಪಾರ. ಬಂದರು ಮತ್ತು ಕೋಟೆ ದ್ವೀಪದ ದಕ್ಷಿಣ ತುದಿಯಲ್ಲಿದ್ದವು; ಸರಕು ಬರಬೇಕಾದದ್ದು ಉತ್ತರದ ಒಳನಾಡಿನಿಂದ. ಗವರ್ನರ್ ಜೊನಾಥನ್ ಡಂಕನ್ನನ ಕಾಲದಲ್ಲಿ, 1803ರ ಹೊತ್ತಿಗೆ ಸಯನ್ ಕಾಸ್‌ವೇ ಸಿದ್ಧವಾಗಿ ಮುಂಬಯಿ ದ್ವೀಪವನ್ನು ಸಾಲ್ಸೆಟ್ ದ್ವೀಪದ ಕುರ್ಲಾಕ್ಕೆ ಬೆಸೆಯಿತು. 1845ರಲ್ಲಿ ಮಾಹಿಮ್ ಕಾಸ್‌ವೇ ತೆರೆಯಿತು. ಮುಂಬಯಿ ಸರ್ಕಾರದ ಇಂಜಿನಿಯರ್ ಜಾರ್ಜ್ ಕ್ಲಾರ್ಕ್ 1843ರಲ್ಲಿ ಭಾಂಡುಪ್‌ಗೆ ಬಂದಿದ್ದಾಗ ರೈಲುಮಾರ್ಗದ ಆಲೋಚನೆ ಮೂಡಿತೆನ್ನುತ್ತಾರೆ. ಭಾಂಡುಪ್ ವಿಕ್ರೋಳಿಯ ನೆರೆಯೂರು. ಹತ್ತು ವರ್ಷಗಳ ತರುವಾಯ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಇದೇ ಹಾದಿಯಾಗಿ ಸಾಗಿತು. ಅಂದು ಹಾಕಿದ ಗೆರೆಯ ಇಕ್ಕೆಲಗಳಲ್ಲಿ ನಗರ ಬೆಳೆಯಿತು. ದುಡಿಮೆ ದಕ್ಷಿಣದಲ್ಲಿ, ವಸತಿ ಉತ್ತರದಲ್ಲಿ ಎಂಬ ವಿನ್ಯಾಸವೂ ಅದರೊಂದಿಗೇ ಬೆಳೆಯಿತು.

ಅಡ್ಡದಾರಿಗಳ ಬಗ್ಗೆ ನಗರ ಮೊದಲು ಗಂಭೀರವಾಗಿ ಯೋಚಿಸಿದ್ದು ವಾಹನಗಳ ಕಾಟಕ್ಕಲ್ಲ, ಪ್ಲೇಗಿನ ಭಯಕ್ಕೆ. 1896ರ ಪ್ಲೇಗಿನ ಹಾವಳಿಯ ನಂತರ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಕಿಕ್ಕಿರಿದ ಕೇರಿಗಳೊಳಗೆ ಕಡಲಗಾಳಿ ನುಗ್ಗಲೆಂದು ಟ್ರಸ್ಟು ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳನ್ನು ಪೂರ್ವಪಶ್ಚಿಮವಾಗಿ ಕಡಿಯಿತು. ಗಾಳಿಗೆಂದು ಮಾಡಿದ ದಾರಿ ಜನರಿಗೂ ದಾರಿಯಾಯಿತು. ಅದೇ ಟ್ರಸ್ಟು ರೂಪಿಸಿದ ದಾದರ್–ಮಾಟುಂಗಾ ಬಡಾವಣೆಗಳಲ್ಲಿಯೇ ಮುಂದೆ ದಕ್ಷಿಣ ಭಾರತೀಯರು ನೆಲೆಯೂರಿದರು. ಮೈಸೂರು ಅಸೋಸಿಯೇಷನ್ ಇಂದಿಗೂ ಮಾಟುಂಗಾದಲ್ಲಿದೆ.

ಇನ್ನೊಂದು ಮಾರ್ಗ, ಒಂದೇ ಬಂಡಿಯಲ್ಲಿ ಹಲವರನ್ನು ಒಯ್ಯುವುದು. 1874ರಲ್ಲಿ ಕುದುರೆ ಟ್ರಾಮು, 1907ರಲ್ಲಿ ವಿದ್ಯುತ್ ಟ್ರಾಮು, 1925ರಲ್ಲಿ ದೇಶದ ಮೊದಲ ವಿದ್ಯುತ್ ರೈಲು, 1926ರಲ್ಲಿ ಬಸ್ಸು, ಹೀಗೆ ಅರ್ಧ ಶತಮಾನದಲ್ಲಿ ಮುಂಬಯಿ ಸಾರ್ವಜನಿಕ ಸಾರಿಗೆಯ ಪಾಠಶಾಲೆಯಾಯಿತು. 1964ರ ಮಾರ್ಚ್ 31ರಂದು ಕೊನೆಯ ಟ್ರಾಮು ಓಡಿತು. ಆ ಕಾಲದ ನಮ್ಮ ಹಿರಿಯರ ಪೈಕಿ ಅನೇಕರಿಗೆ ಇವುಗಳ ಅಗತ್ಯವೂ ಹೆಚ್ಚಾಗಿರಲಿಲ್ಲ. ಉಡುಪಿ, ದಕ್ಷಿಣ ಕನ್ನಡಗಳ ಹಳ್ಳಿಗಳಿಂದ ಬಂದ ಹುಡುಗರು ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಹಗಲು ದುಡಿದು, ಕಾಲ್ನಡಿಗೆಯ ದೂರದಲ್ಲಿದ್ದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮತ್ತೆ ಹೋಟೆಲಿನಲ್ಲೇ ಚಾಪೆ ಹಾಸುತ್ತಿದ್ದರು. ಕೆಲಸದ ಬಳಿಯೇ ವಾಸ ಎಂಬುದು ಅವರಿಗೆ ಬಡತನದ ಕಟ್ಟಳೆಯಾಗಿತ್ತು. ಅದನ್ನು ಗೌರವದ ಬದುಕನ್ನಾಗಿ ಮಾಡುವುದೇ ನಗರದ ಮುಂದಿದ್ದ ಪ್ರಶ್ನೆ.

ಆ ಪ್ರಶ್ನೆಗೆ ವಿಕ್ರೋಳಿ ಒಂದು ಉತ್ತರ ಕೊಟ್ಟಿತ್ತು. 1940ರ ದಶಕದಲ್ಲಿ ಪಿರೋಜ್‌ಶಾ ಗೋದ್ರೆಜ್ ಇಲ್ಲಿ ವಿಸ್ತಾರವಾದ ಭೂಮಿ ಕೊಂಡು ಕಾರ್ಖಾನೆ ನೆಲೆಗೊಳಿಸಿದರು. ಅದರ ಜೊತೆಗೆ ನೌಕರರ ವಸತಿಗಳೂ 1955ರಲ್ಲಿ ಉದಯಾಚಲ ಶಾಲೆಯೂ ಬಂದವು. ಹಳಿಯ ಪೂರ್ವಕ್ಕೆ ಟಾಗೋರ್ ನಗರ, ಮತ್ತು ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಮಾರೋತರಾವ್ ಕನ್ನಮವಾರ್ ಅವರ ಹೆಸರಿನ ಕನ್ನಮವಾರ್ ನಗರ ಎದ್ದವು. ಭೋಂಗಾ ಕೂಗಿದಾಗ ನಡೆದೇ ಕೆಲಸಕ್ಕೆ ಹೋಗುವ ಬದುಕು ಅನೇಕ ಕುಟುಂಬಗಳದಾಯಿತು. ನಡೆದು ಹೋಗುವವನು ರಸ್ತೆಯಲ್ಲಿ ಆಕ್ರಮಿಸುವ ಜಾಗ ಅತ್ಯಲ್ಪ ಎಂಬುದನ್ನು ಸಂಚಾರತಜ್ಞರು ಹೇಳಬೇಕಾಗಿಲ್ಲ.

1980ರ ದಶಕದ ತರುವಾಯ ಶಾಸ್ತ್ರಿ ಮಾರ್ಗದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಆ ನೆಲದಲ್ಲಿ ಮಾಲುಗಳು, ಕಚೇರಿ ಸಂಕೀರ್ಣಗಳು, ಬಹುಮಹಡಿ ಮನೆಗಳು ಬಂದವು. ಇಲ್ಲಿಯ ಮನೆಯವರು ಕೆಲಸಕ್ಕೆ ಬಾಂದ್ರಾ–ಕುರ್ಲಾ ಸಂಕೀರ್ಣಕ್ಕೆ ಹೋಗುತ್ತಾರೆ, ಇಲ್ಲಿಯ ಕಚೇರಿಗಳಿಗೆ ನೌಕರರು ಡೊಂಬಿವಲಿಯಿಂದಲೂ ಐರೋಲಿಯಿಂದಲೂ ಬರುತ್ತಾರೆ. ರಸ್ತೆ ಹಳೆಯದೇ; ಮನೆಗೂ ಕೆಲಸಕ್ಕೂ ಇದ್ದ ನಂಟು ಮಾತ್ರ ಕಡಿಯಿತು.

ಈ ಅಪಾಯವನ್ನು ಮೊದಲೇ ಕಂಡವರಿದ್ದರು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ‘ಮಾರ್ಗ್’ ಪತ್ರಿಕೆಯಲ್ಲಿ, ಕೊಲ್ಲಿಯಾಚೆ ಹೊಸ ನಗರ ಕಟ್ಟಿ ಉದ್ಯೋಗಗಳನ್ನೂ ಅಲ್ಲಿಗೆ ಒಯ್ಯಬೇಕೆಂಬ ಪ್ರಸ್ತಾವ ಮುಂದಿಟ್ಟರು. 1970ರಲ್ಲಿ ಸಿಡ್ಕೊ ಹುಟ್ಟಿತು, ನವಿ ಮುಂಬಯಿ ಬೆಳೆಯಿತು. ಆದರೆ ರಾಜ್ಯದ ಸಚಿವಾಲಯ ದಕ್ಷಿಣ ತುದಿಯಲ್ಲೇ ಉಳಿಯಿತು. ಅದರ ಬಳಿಯೇ ಕಡಲನ್ನು ತುಂಬಿ ನರಿಮನ್ ಪಾಯಿಂಟ್ ಮೇಲೆದ್ದಿತು. ಮನೆಗಳು ಕೊಲ್ಲಿ ದಾಟಿದ ವೇಗದಲ್ಲಿ ಕಚೇರಿಗಳು ದಾಟಲಿಲ್ಲ.

1990ರ ದಶಕದ ಕೊನೆಯಲ್ಲಿ ಪರಿಹಾರವಾಗಿ ಬಂದದ್ದು ಮೇಲ್ಸೇತುವೆಗಳ ಸಾಲು. ಅವು ಕೆಲಕಾಲ ವೇಗ ಕೊಟ್ಟವು, ಬಳಿಕ ತಾವೂ ತುಂಬಿದವು. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಇದರ ಸೂತ್ರವನ್ನು ವಿವರಿಸಿದ್ದರು. ದಾರಿ ಅಗಲವಾದೊಡನೆ, ಬೇರೆ ಹೊತ್ತಿನಲ್ಲಿ, ಬೇರೆ ದಾರಿಯಲ್ಲಿ, ಬೇರೆ ವಾಹನದಲ್ಲಿ ಹೋಗುತ್ತಿದ್ದವರೆಲ್ಲ ಅದೇ ದಾರಿಗೆ, ಅದೇ ಹೊತ್ತಿಗೆ ಬರುತ್ತಾರೆ. ಹಾಗಾದರೆ ವಿಕ್ರೋಳಿಯ ಸೇತುವೆಯೂ ವ್ಯರ್ಥವೇ? ಅಲ್ಲ ಎಂಬುದು ನಮ್ಮ ಎಣಿಕೆ. ಉದ್ದರಸ್ತೆಯನ್ನು ಹಿಗ್ಗಿಸುವುದಕ್ಕೂ ಕಡಿದುಹೋದ ಎರಡು ಬದಿಗಳನ್ನು ಜೋಡಿಸುವುದಕ್ಕೂ ಅಂತರವಿದೆ. ಮೊದಲನೆಯದು ದೂರದ ಪ್ರಯಾಣವನ್ನು ಪ್ರೋತ್ಸಾಹಿಸುತ್ತದೆ. ಎರಡನೆಯದು ಅನಾವಶ್ಯಕ ಸುತ್ತನ್ನು ತಪ್ಪಿಸುತ್ತದೆ.

ಚರಿತ್ರೆಯಿಂದ ಹೊರಡುವ ಕಾರ್ಯಸಾಧ್ಯ ಮಾರ್ಗಗಳು ಹೊಸವೇನಲ್ಲ. ಅಡ್ಡದಾರಿಗಳು ವಾಹನಗಳಿಗಷ್ಟೇ ಅಲ್ಲ, ಪಾದಚಾರಿಗಳಿಗೂ ಬೇಕು. ವಯಸ್ಸಾದವರು ಹತ್ತಬಲ್ಲ ಕಾಲುಸೇತುವೆ ಸಮೀಪದಲ್ಲಿಲ್ಲದೆಡೆ ಜನ ಹಳಿಯನ್ನೇ ದಾಟುತ್ತಾರೆ, ಪ್ರಾಣ ತೆರುತ್ತಾರೆ. ಶಾಸ್ತ್ರಿ ಮಾರ್ಗದ ಮೇಲೆ ಮೆಟ್ರೊ 4, ಲಿಂಕ್ ರಸ್ತೆಯ ಮೇಲೆ ಮೆಟ್ರೊ 6 ವಿಕ್ರೋಳಿಯನ್ನು ಮುಟ್ಟಲಿವೆ. ನಿಲ್ದಾಣದಿಂದ ಮನೆಯವರೆಗೆ ನಡೆಯಲು ಕಾಲುದಾರಿ ಇಲ್ಲವಾದರೆ ರಿಕ್ಷಾಗಳ ಸಾಲೇ ಮತ್ತೊಂದು ದಟ್ಟಣೆಯಾದೀತು. ಬಸ್ಸಿಗೆ ಅಗ್ಗದ ದರವೂ ಸ್ವಂತ ಪಥವೂ ಬೇಕು. 2019ರ ಜುಲೈಯಲ್ಲಿ ಬೆಸ್ಟ್ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿದಾಗ ಪ್ರಯಾಣಿಕರು ಮರಳಿ ಬಂದರು. 2025ರ ಮೇಯಲ್ಲಿ ಅದು 10 ರೂಪಾಯಿಯಾಯಿತು. ಅದೇ 2019ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಪಥ ಮೀಸಲಿಟ್ಟ ಪ್ರಯೋಗ ನಡೆಯಿತು. ಅದು ಬಾಳದೆ ಹೋದುದು ನಮ್ಮ ತವರಿನ ನಷ್ಟ.

ಕೊನೆಯದು ಸಮಯದ ಹಂಚಿಕೆ. 2025ರ ಜೂನ್ 9ರ ಬೆಳಿಗ್ಗೆ, ಅಂದರೆ ವಿಕ್ರೋಳಿಯ ಸೇತುವೆ ತೆರೆಯುವ ಐದು ದಿನ ಮುಂಚೆ, ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಸತ್ತರು. ಕಚೇರಿಯ ಗಂಟೆಯನ್ನು ಹಿಡಿಯಲು ಹೊರಟವರ ನೂಕುನುಗ್ಗಲು ಅದು. ಕಚೇರಿಗಳೆಲ್ಲ ಒಂದೇ ಗಳಿಗೆಯಲ್ಲಿ ಬಾಗಿಲು ತೆರೆಯಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ. ಮಧ್ಯ ರೈಲ್ವೆಯ ಮುಂಬಯಿ ವಿಭಾಗವು 2023ರ ನವೆಂಬರಿನಿಂದ ತನ್ನ ಕಚೇರಿಯಲ್ಲೇ ಎರಡು ಬೇರೆ ವೇಳೆಗಳನ್ನು ಜಾರಿಗೆ ತಂದು, ಉಳಿದ ಸಂಸ್ಥೆಗಳನ್ನೂ ಹಾಗೆ ಮಾಡುವಂತೆ ಕೋರಿತು. ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನಮ್ಮಂಥವರಿಗೂ, ಖಾಸಗಿ ಕಚೇರಿಗಳನ್ನು ನಡೆಸುತ್ತಿರುವ ಕನ್ನಡಿಗರಿಗೂ ಇದು ಕೈಗೆಟಕುವ ಮಾರ್ಗ. 2018ರಲ್ಲಿ ಕೆಲಸ ಆರಂಭಗೊಂಡ ವಿಕ್ರೋಳಿಯ ಸೇತುವೆಗೆ ಏಳು ವರ್ಷ ಹಿಡಿಯಿತು. ಕಚೇರಿಯ ವೇಳೆ ಬದಲಿಸುವ ಸುತ್ತೋಲೆಗೆ ಒಂದು ಹಾಳೆ, ಒಂದು ಸಹಿ ಸಾಕು.